ಕಾಳಿ ಸೇತುವೆಯ ಹಳೆಯ ಸೂರ್ಯಾಸ್ತಗಳು

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ–ಕಾರವಾರದ ವಾಹನಗಳನ್ನು ನಾಲ್ಕು ದಶಕ ಹೊತ್ತ ಸೇತುವೆ ಅದು. ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಬೆಳಗಾಗುವಷ್ಟರಲ್ಲಿ ಮುರಿದ ಸೇತುವೆಯ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಅದಾದ ಮೇಲೆ ಬೇರೆ ಚಿತ್ರಗಳು ಬರತೊಡಗಿದವು: ಸದಾಶಿವಗಡದ ಕಡೆಯಿಂದ ಡ್ರೋನ್ ಹಾರಿಸಿ ತೆಗೆದ ಹಳೆಯ ಸೂರ್ಯಾಸ್ತಗಳು.

ಅವನ್ನು ತೆಗೆದ ಹುಡುಗರಿಗೆ ಬೇಕಿದ್ದದ್ದು ಕೆಂಪು ಆಕಾಶ. ಸೇತುವೆ ನಡುವೆ ಬಂದಿತ್ತು, ಅಷ್ಟೇ. ಈಗ ನೋಡುವವರ ಕಣ್ಣು ಮೊದಲು ಹೋಗುವುದು ಸೇತುವೆಯ ಕಂಬಗಳ ಮೇಲೆ. ರೀಲ್ಸ್‌ಗೆಂದು ತೆಗೆದದ್ದು ಊರಿನ ದಾಖಲೆಯಾಯಿತು. ಆದರೆ ನಾವು ನೋಡಿದ ಬಹುಪಾಲು ಚಿತ್ರಗಳಲ್ಲಿ ತಾರೀಕಿಲ್ಲ, ತೆಗೆದವರ ಹೆಸರಿಲ್ಲ.

ನಮ್ಮ ಕರಾವಳಿಯನ್ನು ಮೇಲಿಂದ ನೋಡುವುದು ಹೊಸದೇನಲ್ಲ. ಕಾಳಿ ಕಡಲು ಸೇರುವ ಜಾಗದ ಗುಡ್ಡದ ಮೇಲೆ ಸೋಂದೆಯ ಅರಸರು ಸದಾಶಿವಗಡದ ಕೋಟೆ ಕಟ್ಟಿದ್ದೇ ಅದಕ್ಕೆ. ಅಲ್ಲಿ ನಿಂತರೆ ನದಿಯೂ ಕಾಣುತ್ತಿತ್ತು, ಬರುವ ಹಡಗೂ ಕಾಣುತ್ತಿತ್ತು. ಆ ನೋಟ ಕಾವಲುಗಾರನದು, ಊರವರದಲ್ಲ. 1883ರಲ್ಲಿ ಇಪ್ಪತ್ತೆರಡರ ಯುವಕ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದರು. ಟಾಗೋರ್ ಬೆಳದಿಂಗಳಲ್ಲಿ ದೋಣಿಯಲ್ಲಿ ಕುಳಿತು, ನೀರಿನ ಮಟ್ಟದಿಂದ ಈ ನದಿಯನ್ನು ನೋಡಿದರು. ಇಂದು ಆ ಕೋಟೆಯ ಗುಡ್ಡವನ್ನು ಸೀಳಿಕೊಂಡು ಹೆದ್ದಾರಿ ಹೋಗಿದೆ.

ಕ್ಯಾಮೆರಾ ಮೇಲಕ್ಕೇರಿದ್ದು 1858ರಲ್ಲಿ. ಫ್ರಾನ್ಸಿನ ನಾಡಾರ್ ಎಂಬ ಛಾಯಾಗ್ರಾಹಕ ಪ್ಯಾರಿಸ್ ಬಳಿ ಬಲೂನಿನಿಂದ ಚಿತ್ರ ತೆಗೆದ. ಅದು ಇಂದು ಉಳಿದಿಲ್ಲ. ಆಕಾಶದಿಂದ ತೆಗೆದು ಉಳಿದಿರುವ ಅತಿ ಹಳೆಯ ಚಿತ್ರ 1860ರದು, ಅಮೆರಿಕದ ಬೋಸ್ಟನ್ ನಗರದ್ದು. ಮೊದಲು ತೆಗೆದವನ ಚಿತ್ರ ಹೋಯಿತು, ಜೋಪಾನ ಮಾಡಿದವರದು ಉಳಿಯಿತು.

ಬೆಳಗಿನ, ಸಂಜೆಯ ಬಿಸಿಲಿಗೆ ಬೇರೊಂದು ಕೆಲಸವೂ ಇದೆ ಎಂದು ತೋರಿಸಿದವರು ಪುರಾತತ್ವದವರು. ಇಂಗ್ಲೆಂಡಿನ ಓ.ಜಿ.ಎಸ್. ಕ್ರಾಫರ್ಡ್, ಅಲೆಕ್ಸಾಂಡರ್ ಕೀಲರ್ ಜೊತೆ ಸೇರಿ 1928ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳ ಪುಸ್ತಕವನ್ನೇ ತಂದರು. ಸೂರ್ಯ ತಗ್ಗಿನಲ್ಲಿದ್ದಾಗ ಬಿಸಿಲು ಓರೆಯಾಗಿ ಬೀಳುತ್ತದೆ. ಒಂದು ಗೇಣು ಎತ್ತರದ ದಿಬ್ಬಕ್ಕೂ ಉದ್ದ ನೆರಳು ಬರುತ್ತದೆ. ಮಧ್ಯಾಹ್ನ ಸಮತಟ್ಟಾಗಿ ಕಂಡ ಹೊಲದಲ್ಲಿ ಹಳೆಯ ಕೋಟೆಯ ಗೋಡೆ, ಹೂತುಹೋದ ದಾರಿ ಗೆರೆಗಳಾಗಿ ಏಳುತ್ತವೆ.

ಅಂಕೋಲಾದ ಗಜನಿ ಗದ್ದೆಗಳ ಮೇಲೂ ಇದನ್ನೇ ನೋಡಬಹುದು. ನಡುಹಗಲಿನಲ್ಲಿ ಮೇಲಿಂದ ಕಾಣುವುದು ಹಸಿರು ಚಾಪೆ ಮಾತ್ರ. ಸಹ್ಯಾದ್ರಿ ದಾಟಿ ಬಂದ ಮೊದಲ ಬಿಸಿಲಿಗೆ ಒಂದೊಂದು ಒಡ್ಡೂ ನೆರಳು ಚೆಲ್ಲುತ್ತದೆ. ಒಡ್ಡು ಎಲ್ಲಿ ಕುಸಿದಿದೆ, ಉಪ್ಪುನೀರು ಎಲ್ಲಿ ನುಗ್ಗಿದೆ ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಸೂರ್ಯ ಗುಡ್ಡದ ಹಿಂದಿನಿಂದ ತಡವಾಗಿ ಬರುತ್ತಾನೆ, ಸಂಜೆ ನೇರ ಕಡಲಿಗಿಳಿಯುತ್ತಾನೆ. ಆದ್ದರಿಂದ ಗದ್ದೆಗೆ ಬೆಳಗು ಒಳ್ಳೆಯದು, ಕಡಲಿಗೆ ಮುಖ ಮಾಡಿದ ಗುಡ್ಡಕ್ಕೆ ಸಂಜೆ. ಬೆಳಿಗ್ಗೆ ಗಾಳಿಯೂ ಕಡಿಮೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಸಣ್ಣ ಡ್ರೋನನ್ನು ಎಳೆದಾಡುತ್ತದೆ.

ಎಲ್ಲ ಕಡೆ ಹಾರಿಸುವ ಹಾಗಿಲ್ಲ. 2014ರ ಅಕ್ಟೋಬರ್‌ನಲ್ಲಿ ಜನಸಾಮಾನ್ಯರು ಡ್ರೋನ್ ಹಾರಿಸುವುದನ್ನೇ ನಿಷೇಧಿಸಿದ್ದರು. 2018ರ ಡಿಸೆಂಬರ್‌ನಿಂದ ಹಗಲಿನಲ್ಲಿ, ಕಣ್ಣಿಗೆ ಕಾಣುವಷ್ಟು ದೂರ ಹಾರಿಸಲು ದಾರಿಯಾಯಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿದವು. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಮೇಲೇಳಿಸುವಂತಿಲ್ಲ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಪ್ರತಿ ಸಲವೂ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹಾರಿಸಬೇಕು.

ಆ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ಕಡಲಂಚಿನ ಎಷ್ಟೋ ಮನೆ, ಗದ್ದೆ, ದೋಣಿ ಎಳೆಯುವ ಜಾಗ ಹೋದವು. ಆಗ ಊರವರ ಕೈಯಲ್ಲಿ ಮೇಲೆ ಹಾರುವ ಕ್ಯಾಮೆರಾ ಇರಲಿಲ್ಲ. ನಿರಾಶ್ರಿತರ ಮೊಮ್ಮಕ್ಕಳಿಗೆ ಅಜ್ಜನ ಮನೆ ಎಲ್ಲಿತ್ತೆಂದು ಬಾಯಿಮಾತಿನಲ್ಲೇ ಹೇಳಬೇಕು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು. ಆಚೆ ದಡದ ಉಳುವರೆಗೂ ನೀರು ಅಪ್ಪಳಿಸಿತು. ನದಿಯೊಳಗಿನ ಲಾರಿ ಹುಡುಕಲು ರಾಡಾರ್ ಕಟ್ಟಿದ ಡ್ರೋನ್ ಹಾರಿಸಿದರು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಕುಸಿತದ ನಂತರದ ಚಿತ್ರಗಳು ನಾಡಿಗೆಲ್ಲ ಗೊತ್ತು. ಅದಕ್ಕೆ ಮೊದಲು ರಸ್ತೆಗಾಗಿ ಕೊರೆದ ಆ ಗುಡ್ಡ ವರ್ಷ ವರ್ಷ ಹೇಗಿತ್ತು ಎಂದು ತೋರಿಸಲು ತಾರೀಕಿರುವ ಚಿತ್ರ ಬೇಕು.

ಅದಕ್ಕೇ ಡ್ರೋನ್ ಇರುವ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಅಂಕೋಲಾದ ಕೇಣಿಯಲ್ಲಿ ವಾಣಿಜ್ಯ ಬಂದರಿನ ಯೋಜನೆ ಬಂದಿದೆ. ಅದನ್ನು ವಿರೋಧಿಸಿ ಮೀನುಗಾರರು 2025ರಲ್ಲಿ ಬೀದಿಗಿಳಿದರು. ಬಂದರು ಬಂದರೂ ಬಾರದಿದ್ದರೂ ಇಂದಿನ ಕೇಣಿ ಹೇಗಿದೆ ಎಂಬುದು ಉಳಿಯಬೇಕು. ಹಾರಿಸಲು ಅವಕಾಶವಿರುವ ಕಡೆ, ಒಂದೇ ಜಾಗದಿಂದ, ಒಂದೇ ಎತ್ತರದಿಂದ, ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದರೊಳಗಿನ ತಾರೀಕು, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಮೂಲ ಫೈಲನ್ನು ಬೇರೆಯಾಗಿ ಎತ್ತಿಡಿ. ದಿನ, ಊರು, ಯಾವ ದಿಕ್ಕಿಗೆ ನೋಡಿದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಬಣ್ಣ ಹೆಚ್ಚಿಸಿದ ಪ್ರತಿಯನ್ನು ರೀಲ್ಸ್‌ಗೆ ಹಾಕಿಕೊಳ್ಳಿ, ನಮ್ಮ ತಕರಾರಿಲ್ಲ. ಬಣ್ಣ ಮುಟ್ಟದ ಪ್ರತಿಯೊಂದು ಮನೆಯಲ್ಲಿರಲಿ.