ಪಿತ್ತರಸದಲ್ಲಿ ಇನ್ಸುಲಿನ್: ಯಕೃತ್ತು ಹಿಡಿದಿಟ್ಟ ಪಾಲಿನ ಸುಳಿವು

ಕಲ್ಯಾಣದುರ್ಗದ ಕಡೆಯ ಸೆಟ್ಟೂರಿನಲ್ಲಿ ಮಧ್ಯಾಹ್ನ ಮುದ್ದೆ ಉಂಡವರ ಕರುಳಿನಲ್ಲಿ ರಾಗಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ. ಅದು ರಕ್ತ ಸೇರುತ್ತಲೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸುರಿಸುತ್ತವೆ. ಈ ಹಾರ್ಮೋನು ಪೋರ್ಟಲ್ ರಕ್ತನಾಳ ಹಿಡಿದು ಮೊದಲು ಯಕೃತ್ತಿಗೇ ಹೋಗಬೇಕು. ಸುಮಾರು ಅರ್ಧದಷ್ಟನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಹಿಡಿದುಕೊಳ್ಳುತ್ತದೆ. ತೋಳಿನಿಂದ ರಕ್ತ ತೆಗೆದು ಅಳೆಯುವುದು ಅದು ಬಿಟ್ಟುಕೊಟ್ಟ ಪಾಲನ್ನು ಮಾತ್ರ.

ಹಿಡಿದುಕೊಂಡದ್ದು ಎಲ್ಲಿಗೆ ಹೋಯಿತು?

ಬಹುಪಾಲು ಯಕೃತ್ತಿನ ಕೋಶಗಳೊಳಗೇ ಕಿಣ್ವಗಳ ಬಾಯಿಗೆ ಬೀಳುತ್ತದೆ. ಅಲ್ಪಸ್ವಲ್ಪ ಮಾತ್ರ ಪುಟ್ಟ ಕೋಶಕಗಳಲ್ಲಿ ಕೂತು ಕೋಶವನ್ನು ಹಾದು ಪಿತ್ತನಾಳ ಸೇರುತ್ತದೆ. ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ ಬಳಸಿ ಇಲಿಗಳಲ್ಲಿ ನಡೆದ 1980ರ ಅಧ್ಯಯನ ಈ ಸಾಗಾಟದತ್ತ ಬೊಟ್ಟು ಮಾಡಿತು.

ಮನುಷ್ಯರಲ್ಲಿ ಪಿತ್ತರಸ ಸಿಗುವುದು ಸುಲಭವಲ್ಲ. ಪಿತ್ತನಾಳದ ಕಲ್ಲು ತೆಗೆದ ಮೇಲೆ ಶಸ್ತ್ರವೈದ್ಯರು ಕೆಲವೊಮ್ಮೆ ನಾಳದೊಳಗೆ 'ಟಿ' ಆಕಾರದ ರಬ್ಬರ್ ಕೊಳವೆ ಇಡುತ್ತಾರೆ. ಅದರ ಉದ್ದನೆಯ ತುದಿ ಹೊಟ್ಟೆಯ ಪಕ್ಕದಿಂದ ಹೊರಬಂದು ಚೀಲಕ್ಕೆ ಹಳದಿ-ಹಸಿರು ರಸ ತೊಟ್ಟಿಕ್ಕಿಸುತ್ತದೆ. ಗಾಯ ಮಾಯುವತನಕ ಆಗಾಗ ಮಾದರಿ ತೆಗೆಯಬಹುದು. ಗ್ಲೂಕೋಸ್ ಕೊಟ್ಟಾಗ ರಕ್ತದ ಇನ್ಸುಲಿನ್ ಏರುತ್ತದೆ, ಅದರ ಬೆನ್ನಿಗೇ ಪಿತ್ತರಸದ್ದೂ ಏರುತ್ತದೆ. ಹಾಗೆಂದು ಪಿತ್ತಕೋಶ ಇನ್ಸುಲಿನ್ನಿನ ಉಗ್ರಾಣವೆಂದು ತಿಳಿಯಬೇಕಿಲ್ಲ. ಪಿತ್ತರಸದೊಂದಿಗೆ ಕರುಳು ಸೇರಿದ ಇನ್ಸುಲಿನ್ನನ್ನು ಅಲ್ಲಿನ ಪ್ರೋಟೀನ್ ಜೀರ್ಣಿಸುವ ಕಿಣ್ವಗಳು ಕತ್ತರಿಸಿಹಾಕುತ್ತವೆ.

ಇಲ್ಲೊಂದು ತೊಡಕಿದೆ. ಇನ್ಸುಲಿನ್ ಅಳೆಯಲು ವಿಜ್ಞಾನಿಗಳಾದ ಯಾಲೋ ಮತ್ತು ಬರ್ಸನ್ 1960ರ ಹೊತ್ತಿಗೆ ರೂಪಿಸಿದ ರೇಡಿಯೋ ಇಮ್ಯುನೋಅಸ್ಸೇ ಪ್ರತಿಕಾಯ ಗುರುತಿಸಿದ್ದನ್ನೆಲ್ಲ ಎಣಿಸುತ್ತದೆ. ಅರ್ಧ ಒಡೆದ ತುಣುಕೂ ಇನ್ಸುಲಿನ್ನಿನ ಲೆಕ್ಕಕ್ಕೆ ಬಂದೀತು. ಆದ್ದರಿಂದ ಪಿತ್ತರಸದ ಅಂಕಿಯನ್ನು ಒಂಟಿಯಾಗಿ ಓದುವುದು ಅಪಾಯ. ಬೀಟಾ ಕೋಶ ಇನ್ಸುಲಿನ್ನಿನಷ್ಟೇ ಸಂಖ್ಯೆಯಲ್ಲಿ ಬಿಡುವ, ಯಕೃತ್ತು ಹೆಚ್ಚುಕಡಿಮೆ ಮುಟ್ಟದ ಸಿ-ಪೆಪ್ಟೈಡನ್ನೂ ಜೊತೆಗಿಟ್ಟು ನೋಡಿದರೆ ಯಕೃತ್ತಿನ ಪಾಲು ಎಷ್ಟೆಂದು ಅಂದಾಜಿಗೆ ಸಿಗುತ್ತದೆ.

ಈ ಲೆಕ್ಕ ಬೆಂಗಳೂರಿಗೂ ಬೇಕಾದದ್ದೇ. ಅಲ್ಲಿನ ಬಯೋಕಾನ್ ಕಂಪನಿ ಅಭಿವೃದ್ಧಿಪಡಿಸಿದ, ನುಂಗುವ ಇನ್ಸುಲಿನ್ ಟ್ರೆಗೊಪಿಲ್ ಕರುಳಿನಿಂದ ಪೋರ್ಟಲ್ ರಕ್ತಕ್ಕೆ ಸೇರುವಂಥದ್ದು. ಚರ್ಮದಡಿ ಚುಚ್ಚಿದ ಇನ್ಸುಲಿನ್ ಮೊದಲು ಮೈಯೆಲ್ಲ ಸುತ್ತುತ್ತದೆ. ಮಾತ್ರೆಯದ್ದು ಯಕೃತ್ತಿನ ಬಾಗಿಲಲ್ಲೇ ಇಳಿಯುತ್ತದೆ. ಹಾಗಾಗಿ ಮಾತ್ರೆ ಎಷ್ಟು ಕೆಲಸ ಮಾಡಿತೆಂಬುದನ್ನು ತೋಳಿನ ರಕ್ತದ ಇನ್ಸುಲಿನ್ ಮಟ್ಟವೊಂದರಿಂದಲೇ ತೀರ್ಮಾನಿಸಲಾಗದು.