ಚಿಪ್ಪಿನ ಆಚೆಗೆ ತಲುಪದ ಗುರುತು: ಬ್ರಿಟನ್ನಿನ ಫ್ರೀ ರೇಂಜ್ ಮೊಟ್ಟೆ, ಮನೆಯ ಕೇಕು, ಅಂಗಡಿಯ ತಿನಿಸು

ಬ್ರಿಟನ್ನಿನ ಅಂಗಡಿಗಳಲ್ಲಿ ಮಾರಾಟವಾಗುವ 'ಎ' ದರ್ಜೆಯ ಕೋಳಿಮೊಟ್ಟೆಯ ಚಿಪ್ಪಿನ ಮೇಲೆ ಒಂದು ಸಂಕೇತ ಅಚ್ಚಾಗಿರುತ್ತದೆ. ಅದರ ಮೊದಲ ಅಂಕಿ ಕೋಳಿಯನ್ನು ಸಾಕಿದ ಬಗೆಯನ್ನು ತಿಳಿಸುತ್ತದೆ: 0 ಎಂದರೆ ಸಾವಯವ, 1 ಎಂದರೆ ಫ್ರೀ ರೇಂಜ್, 2 ಎಂದರೆ ಪಂಜರವಿಲ್ಲದ ಶೆಡ್ಡು, 3 ಎಂದರೆ ಪಂಜರ. ಅಂಕಿಯ ಮುಂದೆ ದೇಶವನ್ನು ಸೂಚಿಸುವ ಅಕ್ಷರಗಳು, ಆಮೇಲೆ ಸಾಕಣೆದಾರರ ಸಂಖ್ಯೆ. ಐರೋಪ್ಯ ಒಕ್ಕೂಟದಲ್ಲಿ ಈ ಮುದ್ರೆ 2004ರ ಜನವರಿ 1ರಿಂದ ಕಡ್ಡಾಯವಾಯಿತು. ಒಕ್ಕೂಟದಿಂದ ಹೊರಬಂದ ಮೇಲೂ ಬ್ರಿಟನ್ ಅದನ್ನು ಉಳಿಸಿಕೊಂಡಿದೆ. ಮನೆಯಲ್ಲಿ ಕೇಕು ಮಾಡುವವರು ಮೊಟ್ಟೆಯನ್ನು ಬಟ್ಟಲಿಗೆ ಒಡೆದು ಹಾಕುವ ಮುಂಚೆ ಈ ಅಂಕಿಯನ್ನು ಓದಿಕೊಳ್ಳಬಹುದು. ಅದೇ ಅಂಗಡಿಯಲ್ಲಿ ಸಿದ್ಧ ಕೇಕು, ಮೇಯನೇಸ್, ಮೊಟ್ಟೆಯ ಸ್ಯಾಂಡ್‌ವಿಚ್ ಕೊಳ್ಳುವವರಿಗೆ ಆ ಅನುಕೂಲವಿಲ್ಲ. ಈ ಅಂತರಕ್ಕೆ ಪಾಕಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ, ಕಾನೂನು ಚಿಪ್ಪಿನ ಹತ್ತಿರವೇ ನಿಂತುಬಿಟ್ಟದ್ದರಿಂದ ಅದು ಉಳಿದುಕೊಂಡಿದೆ ಎಂಬುದು ಈ ಲೇಖನದ ವಾದ.

ಫ್ರೀ ರೇಂಜ್ ಎಂಬುದಕ್ಕೆ ಅಲ್ಲಿ ಖಚಿತವಾದ ಕಾನೂನಿನ ಅರ್ಥವಿದೆ. ಹಗಲು ಹೊತ್ತಿನಲ್ಲಿ ಕೋಳಿಗಳಿಗೆ ಬಯಲಿಗೆ ಹೋಗಿಬರಲು ದಾರಿ ತೆರೆದಿರಬೇಕು. ಆ ಬಯಲು ಬಹುಮಟ್ಟಿಗೆ ಹಸಿರಿನಿಂದ ಕೂಡಿರಬೇಕು. ಒಂದು ಕೋಳಿಗೆ 4 ಚದರ ಮೀಟರ್ ಲೆಕ್ಕದಲ್ಲಿ, ಅಂದರೆ ಹೆಕ್ಟೇರಿಗೆ 2,500ಕ್ಕಿಂತ ಹೆಚ್ಚು ಕೋಳಿಗಳಿರಬಾರದು. ಶೆಡ್ಡಿನ ಒಳಗೆ, ಬಳಸಬಹುದಾದ ಜಾಗದ ಒಂದು ಚದರ ಮೀಟರಿಗೆ 9 ಕೋಳಿಗಳ ಮಿತಿ. ಹಳ್ಳಿಯ ಹಿತ್ತಲಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಯ ಚಿತ್ರವನ್ನು ಇದರ ಮೇಲೆ ಹೊರಿಸುವುದು ಸರಿಯಲ್ಲ. ಇವು ಸಾವಿರಾರು ಕೋಳಿಗಳ ವಾಣಿಜ್ಯ ಹಿಂಡುಗಳು. ಕಾಡುಕೋಳಿಯ ಸಂತತಿಯಾದ ಈ ಹಕ್ಕಿ ಗಿಡಮರಗಳ ಮರೆಯಿಲ್ಲದ ಬಯಲಿಗೆ ಕಾಲಿಡಲು ಹೆದರುವುದರಿಂದ, ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲ ಕೋಳಿಗಳೂ ಹೊರಗೆ ಹೋಗುತ್ತವೆ ಎಂದೂ ಹೇಳಲಾಗದು. ಇಷ್ಟಾದರೂ ಪಂಜರದ ಬದುಕಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ನಡೆಯುವುದು, ಮಣ್ಣು ಕೆದರುವುದು, ಧೂಳುಸ್ನಾನ, ರೆಕ್ಕೆ ಬಿಚ್ಚುವುದು ಇಲ್ಲಿ ಸಾಧ್ಯ.

ಪಂಜರದ ಪ್ರಶ್ನೆ ಬ್ರಿಟನ್ನಿನ ಸಾರ್ವಜನಿಕ ಚರ್ಚೆಗೆ ಬಂದದ್ದು 1964ರಲ್ಲಿ, ರೂತ್ ಹ್ಯಾರಿಸನ್ ಅವರ 'ಅನಿಮಲ್ ಮಷೀನ್ಸ್' ಪುಸ್ತಕದ ಮೂಲಕ. ಸರ್ಕಾರ ನೇಮಿಸಿದ ಬ್ರ್ಯಾಂಬೆಲ್ ಸಮಿತಿ ಮರುವರ್ಷ ವರದಿ ಕೊಟ್ಟಿತು. ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೀವಿಕೊಳ್ಳಲು, ಕೈಕಾಲು ಚಾಚಲು ಅವಕಾಶ ಇರಲೇಬೇಕು ಎಂದು ಅದು ಹೇಳಿತು. ಈ ಕನಿಷ್ಠ ಬೇಡಿಕೆ ಕಾನೂನಾಗಲು ಮೂರು ದಶಕ ಬೇಕಾದವು. ಐರೋಪ್ಯ ಒಕ್ಕೂಟದ 1999ರ ನಿರ್ದೇಶನ ಬರಿಯ ಬ್ಯಾಟರಿ ಪಂಜರಗಳಲ್ಲಿ ಕೋಳಿಯೊಂದಕ್ಕೆ 550 ಚದರ ಸೆಂಟಿಮೀಟರ್ ಜಾಗವನ್ನು 2003ರಿಂದ ಕಡ್ಡಾಯ ಮಾಡಿ, 2012ರ ಜನವರಿ 1ರಿಂದ ಅಂಥ ಪಂಜರಗಳನ್ನೇ ನಿಷೇಧಿಸಿತು. ಅವುಗಳ ಜಾಗಕ್ಕೆ ಬಂದ 'ಸುಧಾರಿತ' ಪಂಜರದಲ್ಲಿ ಗೂಡು, ಕೂರುವ ಕೋಲು, ಕೆದಕಲು ಹಾಸು ಮತ್ತು 750 ಚದರ ಸೆಂಟಿಮೀಟರ್ ಜಾಗವಿರಬೇಕು. ಒಂದು ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್ ಎಂಬುದನ್ನು ನೆನೆದರೆ ಸುಧಾರಣೆಯ ಅಳತೆ ತಿಳಿಯುತ್ತದೆ. ಗಡುವು ಮುಗಿದ ತಿಂಗಳಲ್ಲೇ ಐರೋಪ್ಯ ಆಯೋಗ 13 ಸದಸ್ಯ ರಾಷ್ಟ್ರಗಳಿಗೆ ನೋಟಿಸು ಕಳಿಸಬೇಕಾಯಿತು. ಇಟಲಿ ಮತ್ತು ಗ್ರೀಸ್ ತಪ್ಪಿತಸ್ಥರೆಂದು 2014ರಲ್ಲಿ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು.

ಚಿಪ್ಪಿನ ಮೇಲಿನ ಅಂಕಿ ಇಲ್ಲವಾಗುವ ಜಾಗ ಮೊಟ್ಟೆ ಒಡೆಯುವ ಕಾರ್ಖಾನೆ. ತಿನಿಸು ತಯಾರಿಸುವ ದೊಡ್ಡ ಉದ್ಯಮಗಳು ಬಹುಮಟ್ಟಿಗೆ ಚಿಪ್ಪಿನ ಮೊಟ್ಟೆ ಕೊಳ್ಳುವುದಿಲ್ಲ. ಅವಕ್ಕೆ ಬೇಕಾದದ್ದು ಟ್ಯಾಂಕರುಗಳಲ್ಲಿ, ಡಬ್ಬಗಳಲ್ಲಿ ಬರುವ ದ್ರವ ಮೊಟ್ಟೆ, ಇಲ್ಲವೇ ಮೊಟ್ಟೆಯ ಪುಡಿ. ಯಂತ್ರ ಮೊಟ್ಟೆಯನ್ನು ಒಡೆದು, ಬೇಕಿದ್ದರೆ ಬಿಳಿಭಾಗವನ್ನೂ ಹಳದಿಭಾಗವನ್ನೂ ಬೇರೆ ಮಾಡಿ, ಸೋಸಿ, ಪಾಶ್ಚರೀಕರಣಕ್ಕೆ ಕಳಿಸುತ್ತದೆ. ಬ್ರಿಟನ್ನಿನ 1963ರ ನಿಯಮ ಇಡೀ ಮೊಟ್ಟೆಯ ದ್ರವವನ್ನು 64.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ನಿಮಿಷ ಇಡಬೇಕೆಂದು ವಿಧಿಸಿತ್ತು. ಆ ಉಷ್ಣತೆಯ ಆಯ್ಕೆಯ ಹಿಂದೆ ಒಳ್ಳೆಯ ವಿಜ್ಞಾನವಿದೆ: ಸಾಲ್ಮೊನೆಲ್ಲಾ ಸಾಯುವ ಆ ಬಿಸಿಯಲ್ಲಿ ಮೊಟ್ಟೆಯಲ್ಲಿ ಸಹಜವಾಗಿರುವ ಆಲ್ಫಾ-ಅಮೈಲೇಸ್ ಎಂಬ ಕಿಣ್ವವೂ ನಾಶವಾಗುತ್ತದೆ. ಆದ್ದರಿಂದ ಪಿಷ್ಟ ಮತ್ತು ಅಯೋಡಿನ್‌ನ ಸರಳ ಪರೀಕ್ಷೆಯಿಂದ ದ್ರವ ಸಾಕಷ್ಟು ಕಾದಿದೆಯೇ ಎಂದು ತಿಳಿಯಬಹುದು. ಪುಡಿ ಮಾಡುವಾಗ ಬಿಳಿಭಾಗದ ಗ್ಲೂಕೋಸನ್ನು ಮೊದಲೇ ತೆಗೆಯುತ್ತಾರೆ. ಇಲ್ಲದಿದ್ದರೆ ದಾಸ್ತಾನಿನಲ್ಲಿ ಪುಡಿ ಕಂದುಗಟ್ಟುತ್ತದೆ.

ಇಷ್ಟು ಕಟ್ಟುನಿಟ್ಟಾದ ಈ ಹಾದಿಯಲ್ಲಿ ಸಾಕಣೆಯ ಬಗೆ ಮಾತ್ರ ಗ್ರಾಹಕರವರೆಗೆ ಬರುವುದಿಲ್ಲ. ಒಕ್ಕೂಟದ 2008ರ ಮಾರಾಟ ನಿಯಮ, ಸಾಕಣೆ ಕೇಂದ್ರದಿಂದ ನೇರವಾಗಿ ಆಹಾರೋದ್ಯಮಕ್ಕೆ ಹೋಗುವ ಮೊಟ್ಟೆಗಳಿಗೆ ಉದ್ಯಮಿ ಕೋರಿದರೆ ಮುದ್ರೆಯಿಂದಲೇ ವಿನಾಯಿತಿ ಕೊಡಲು ಸದಸ್ಯ ರಾಷ್ಟ್ರಗಳಿಗೆ ಅವಕಾಶ ಮಾಡಿತು. ಹೇಗೂ ಒಡೆದು ಎಸೆಯುವ ಚಿಪ್ಪಿಗೆ ಮುದ್ರೆ ಏಕೆ ಎಂಬ ತರ್ಕ ಆಡಳಿತಕ್ಕೆ ಒಪ್ಪುವಂಥದ್ದೇ. ಆದರೆ ಚಿಪ್ಪು ಹೋದ ಮೇಲೆ ಆ ಮಾಹಿತಿಯನ್ನು ಹೊರಬೇಕಾದ ಕಾಗದ ಯಾವುದು ಎಂಬುದನ್ನು ನಿಯಮ ಹೇಳದೆ ಬಿಟ್ಟಿತು. ಲೋಪ ಇರುವುದು ಇಲ್ಲಿ.

ಪದಾರ್ಥ ಪಟ್ಟಿಯ ಕಾನೂನಿನಲ್ಲೂ ಇದೇ ಮೌನ. 2011ರ ಐರೋಪ್ಯ ಆಹಾರ ಮಾಹಿತಿ ನಿಯಮದ ಪ್ರಕಾರ ಅಲರ್ಜಿ ತರುವ 14 ಪದಾರ್ಥಗಳಲ್ಲಿ ಮೊಟ್ಟೆಯೂ ಒಂದು. ಎಷ್ಟೇ ಕಡಿಮೆ ಪ್ರಮಾಣದಲ್ಲಿ ಬಳಸಿದ್ದರೂ ಅದರ ಹೆಸರು ಪಟ್ಟಿಯಲ್ಲಿ ಎದ್ದು ಕಾಣುವಂತಿರಬೇಕು. ತಿನಿಸಿನ ಹೆಸರಿನಲ್ಲೇ ಮೊಟ್ಟೆ ಬಂದರೆ ಅದರ ಶೇಕಡಾ ಪ್ರಮಾಣವನ್ನೂ ಕೊಡಬೇಕು. ಕೋಳಿ ಪಂಜರದಲ್ಲಿತ್ತೇ, ಬಯಲಿನಲ್ಲಿತ್ತೇ ಎಂಬುದನ್ನು ಮಾತ್ರ ತಯಾರಕರ ಇಷ್ಟಕ್ಕೆ ಬಿಡಲಾಗಿದೆ. ಹೀಗಾಗಿ 'ಫ್ರೀ ರೇಂಜ್ ಮೊಟ್ಟೆ' ಎಂದು ಬರೆದಿದ್ದರೆ ಓದುಗರಿಗೆ ತಿಳಿಯುತ್ತದೆ. ಬರಿಯ 'ಮೊಟ್ಟೆ' ಎಂದಿದ್ದರೆ ಏನೂ ತಿಳಿಯುವುದಿಲ್ಲ. ಹೊಲ, ಹುಲ್ಲು, ಹೆಂಚಿನ ಮನೆಯ ಚಿತ್ರಗಳು ಪೊಟ್ಟಣದ ಮೇಲಿದ್ದರೆ ಅವನ್ನು ಪುರಾವೆಯೆಂದು ಎಣಿಸುವಂತಿಲ್ಲ.

ಮನೆಯ ಒಲೆಯ ಕಡೆಗೆ ತಿರುಗಿದರೆ ಚಿತ್ರ ಬೇರೆ. ಇಂಗ್ಲಿಷರ ಮನೆಗಳ ಸಾಮಾನ್ಯ ಕೇಕಾದ ವಿಕ್ಟೋರಿಯಾ ಸ್ಪಂಜಿನಲ್ಲಿ ಮೊಟ್ಟೆಯನ್ನು ಚಿಪ್ಪಿನ ಸಮೇತ ತೂಗಿ, ಅಷ್ಟೇ ತೂಕದ ಹಿಟ್ಟು, ಸಕ್ಕರೆ, ಬೆಣ್ಣೆ ಹಾಕುವ ಹಳೆಯ ಪದ್ಧತಿಯಿದೆ. ಎಂದರೆ ಕೇಕಿನ ಸುಮಾರು ಕಾಲುಭಾಗ ಮೊಟ್ಟೆಯೇ. ಆ ಕಾಲುಭಾಗ ಮಾಡುವ ಕೆಲಸ ಹಲವು: ಬಿಳಿಭಾಗದ ಪ್ರೋಟೀನುಗಳು ಗಾಳಿಗುಳ್ಳೆಗಳನ್ನು ಹಿಡಿದಿಡುತ್ತವೆ, ಹಳದಿಭಾಗದ ಲೆಸಿಥಿನ್ ಬೆಣ್ಣೆಯನ್ನೂ ನೀರನ್ನೂ ಬೆರೆಸುತ್ತದೆ, ಒಲೆಯ ಬಿಸಿಗೆ ಪ್ರೋಟೀನುಗಳು ಗಟ್ಟಿಯಾಗಿ ಕೇಕಿನ ಒಡಲನ್ನು ನಿಲ್ಲಿಸುತ್ತವೆ. ಈ ಯಾವ ಕೆಲಸಕ್ಕೂ ಕೋಳಿ ಬಯಲಿಗೆ ಹೋಗಿತ್ತೋ ಇಲ್ಲವೋ ಎಂಬುದು ಮುಖ್ಯವಾಗುವುದಿಲ್ಲ. ಮುಖ್ಯವಾಗುವುದು ಮೊಟ್ಟೆಯ ವಯಸ್ಸು. ಹೊಸ ಮೊಟ್ಟೆಯ ಬಿಳಿಭಾಗದ ಪಿಎಚ್ ಸುಮಾರು 7.6, ದಿನ ಕಳೆದಂತೆ ಚಿಪ್ಪಿನ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಅದು 9ನ್ನು ದಾಟುತ್ತದೆ, ಬಿಳಿಭಾಗ ತೆಳ್ಳಗಾಗುತ್ತದೆ. ಹಳೆಯ ಮೊಟ್ಟೆ ಬೇಗ ನೊರೆಗಟ್ಟುತ್ತದೆ, ಹೊಸ ಮೊಟ್ಟೆಯ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಫ್ರೀ ರೇಂಜ್ ಮೊಟ್ಟೆಯ ಭಂಡಾರ ಹೆಚ್ಚು ಹಳದಿ ಎಂಬ ನಂಬಿಕೆಯೂ ನಿಲ್ಲುವಂಥದ್ದಲ್ಲ. ಬಣ್ಣ ಬರುವುದು ಮೇವಿನಿಂದ. ಮೆಕ್ಕೆಜೋಳ ಅಥವಾ ಚೆಂಡುಹೂವಿನ ಸಾರ ಬೆರೆಸಿದ ಮೇವು ತಿಂದ ಪಂಜರದ ಕೋಳಿಯೂ ಕಡುಹಳದಿ ಭಂಡಾರದ ಮೊಟ್ಟೆಯನ್ನೇ ಇಡುತ್ತದೆ. ಆದ್ದರಿಂದ ಮನೆಯಲ್ಲಿ ಫ್ರೀ ರೇಂಜ್ ಮೊಟ್ಟೆ ಆರಿಸುವುದಕ್ಕೆ ಇರುವ ಗಟ್ಟಿ ಕಾರಣ ಕೋಳಿಯ ಬದುಕು ಒಂದೇ. ಆ ಕಾರಣಕ್ಕೆ ರುಚಿಯ ಊರುಗೋಲು ಬೇಕಿಲ್ಲ.

ಇದೇ ಮಾತನ್ನು ಕಾರ್ಖಾನೆಗೂ ಅನ್ವಯಿಸಬೇಕು. ಬಯಲುಕೋಳಿಯ ಮೊಟ್ಟೆಯಿಂದ ಮೇಯನೇಸ್ ಕೂಡಿಕೊಳ್ಳದು, ಕೇಕು ಉಬ್ಬದು ಎಂದು ಯಾರೂ ಹೇಳಲಾರರು. ಅಡ್ಡಿಯಿರುವುದು ಬೆಲೆಯಲ್ಲಿ. ಆದರೆ ಆ ಹೊರೆ ಎಷ್ಟೆಂಬುದನ್ನು ಅಳೆಯುವಾಗ ತಿನಿಸಿನಲ್ಲಿರುವ ಮೊಟ್ಟೆಯ ಪ್ರಮಾಣವನ್ನು ನೋಡಬೇಕು. ಐರೋಪ್ಯ ಉದ್ಯಮದ ಸಂಹಿತೆಯಂತೆ ಮೇಯನೇಸಿನಲ್ಲಿ ಕನಿಷ್ಠ ಶೇ. 70 ಎಣ್ಣೆ, ಶೇ. 5 ಹಳದಿಭಾಗ ಇರಬೇಕು. ಇಟಲಿಯ ಕಾನೂನು ಮೊಟ್ಟೆಯ ಪಾಸ್ತಾಕ್ಕೆ ಒಂದು ಕಿಲೋ ರವೆಗೆ ಕನಿಷ್ಠ 4 ಮೊಟ್ಟೆ, ಅಂದರೆ 200 ಗ್ರಾಂ ಕೇಳುತ್ತದೆ. ಮೊಟ್ಟೆ ಕಡಿಮೆಯಿರುವ ತಿನಿಸಿನಲ್ಲಿ ಮೊಟ್ಟೆಯ ಬೆಲೆ ಏರಿದರೂ ತಿನಿಸಿನ ಬೆಲೆ ಏರುವುದು ಅಲ್ಪವೇ. ತಯಾರಕರು ಇದನ್ನು ಮಾಡಿ ತೋರಿಸಿದ್ದಾರೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್ 1997ರಲ್ಲಿ ಚಿಪ್ಪಿನ ಮೊಟ್ಟೆಗಳಲ್ಲಿ ಫ್ರೀ ರೇಂಜ್ ಮಾತ್ರ ಮಾರತೊಡಗಿ, 2002ರಲ್ಲಿ ತನ್ನ ಹೆಸರಿನ ಎಲ್ಲ ತಿನಿಸುಗಳ ಒಳಗಿನ ಮೊಟ್ಟೆಗೂ ಅದನ್ನೇ ವಿಸ್ತರಿಸಿತು. ಮೆಕ್‌ಡೊನಾಲ್ಡ್ಸ್‌ನ ಬ್ರಿಟನ್ ಶಾಖೆಗಳು 1998ರಿಂದ ಫ್ರೀ ರೇಂಜ್ ಮೊಟ್ಟೆ ಬಳಸುತ್ತಿವೆ. ಈ ಉದಾಹರಣೆಗಳು ಮೆಚ್ಚತಕ್ಕವು. ಆದರೆ ಸ್ವಯಂಪ್ರೇರಣೆಯ ಮಿತಿಯನ್ನೂ ಅವೇ ತೋರಿಸುತ್ತವೆ. ಹೇಳಿಕೊಳ್ಳಲು ಒಳ್ಳೆಯದಿರುವವರು ಹೇಳುತ್ತಾರೆ, ಇಲ್ಲದವರು ಸುಮ್ಮನಿರುತ್ತಾರೆ.

ಸುಮ್ಮನಿದ್ದದ್ದು ಒಮ್ಮೆ ಬಯಲಿಗೆ ಬಂದದ್ದು 2017ರ ಆಗಸ್ಟಿನಲ್ಲಿ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಕೋಳಿ ಶೆಡ್ಡುಗಳಲ್ಲಿ ನುಸಿ ನಿವಾರಣೆಗೆ ಫಿಪ್ರೊನಿಲ್ ಎಂಬ ನಿಷಿದ್ಧ ಕೀಟನಾಶಕ ಬಳಸಿದ್ದು ಪತ್ತೆಯಾಯಿತು. ಬ್ರಿಟನ್ನಿಗೆ ಅಂಥ ಸುಮಾರು 7,00,000 ಮೊಟ್ಟೆಗಳು ಬಂದಿವೆಯೆಂದು ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಅಂದಾಜು ಮಾಡಿತು. ಅಂಗಡಿಗಳಿಂದ ಹಿಂತೆಗೆದದ್ದು ಚಿಪ್ಪಿನ ಮೊಟ್ಟೆಯನ್ನಲ್ಲ. ಮೊಟ್ಟೆಯ ಸ್ಯಾಂಡ್‌ವಿಚ್‌ಗಳನ್ನು, ಸಲಾಡುಗಳನ್ನು. ಸ್ವದೇಶದ ಮೊಟ್ಟೆಯನ್ನೇ ಹುಡುಕಿ ಕೊಳ್ಳುತ್ತಿದ್ದ ಗ್ರಾಹಕರೂ ಸಿದ್ಧ ತಿನಿಸಿನ ಮೂಲಕ ಪರದೇಶದ ಮೊಟ್ಟೆಯನ್ನು ತಿನ್ನುತ್ತಿದ್ದರು ಎಂಬುದು ಆಗ ಹಲವರಿಗೆ ತಿಳಿಯಿತು.

ಒಡೆದ ಮೊಟ್ಟೆಯ ವಿಷಯದಲ್ಲಿ ದಾಖಲೆಯೊಂದೇ ಆಧಾರ. ಚಿಪ್ಪಿದ್ದರೆ ನೇರಳಾತೀತ ದೀಪದ ಕೆಳಗೆ ಪಂಜರದ ತಂತಿಯ ಮೇಲೆ ಮೊಟ್ಟೆ ಉರುಳಿದ ಗೆರೆಗಳು ಕಾಣುತ್ತವೆ. ಬ್ರಿಟನ್ನಿನ ತನಿಖಾಧಿಕಾರಿಗಳು ಈ ವಿಧಾನವನ್ನು ಬಳಸುತ್ತಾರೆ. ಸುಮಾರು 10 ಕೋಟಿ ಮೊಟ್ಟೆಗಳಿಗೆ ಸುಳ್ಳು ಹೆಸರು ಕೊಟ್ಟು ಮಾರಿದ ವ್ಯಾಪಾರಿಯೊಬ್ಬನಿಗೆ 2010ರಲ್ಲಿ ವೋರ್ಸ್ಟರ್ ನ್ಯಾಯಾಲಯ 3 ವರ್ಷ ಸೆರೆವಾಸ ವಿಧಿಸಿತು. ಟ್ಯಾಂಕರಿನಲ್ಲಿರುವ ದ್ರವದ ಮೇಲೆ ಯಾವ ಗೆರೆಯೂ ಉಳಿಯದು. ಆದ್ದರಿಂದ ಒಡೆಯುವ ಕಾರ್ಖಾನೆಯಲ್ಲಿ ಬೇರೆ ಬೇರೆ ಸಾಕಣೆಯ ಮೊಟ್ಟೆಗಳನ್ನು ಬೆರೆಸದೆ ಇಡುವುದು, ಒಳಬಂದ ಮೊಟ್ಟೆಗೂ ಹೊರಹೋದ ದ್ರವಕ್ಕೂ ಲೆಕ್ಕ ತಾಳೆ ನೋಡುವುದು ಅನಿವಾರ್ಯ. ಸಾವಯವ ಆಹಾರಕ್ಕೆ ಇಂಥ ಲೆಕ್ಕಪತ್ರ ಈಗಾಗಲೇ ನಡೆಯುತ್ತಿರುವುದರಿಂದ ಇದು ಆಗದ ಕೆಲಸ ಎನ್ನಲು ಕಾರಣವಿಲ್ಲ.

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 2018ರಲ್ಲಿ ಒಪ್ಪಿದ 12ನೇ ಪ್ರಸ್ತಾವ ಒಂದು ಹೆಜ್ಜೆ ಮುಂದೆ ಹೋಯಿತು. ಪಂಜರದ ಕೋಳಿಯ ಚಿಪ್ಪಿನ ಮೊಟ್ಟೆಯ ಜತೆಗೆ ದ್ರವ ಮೊಟ್ಟೆಯ ಮಾರಾಟವನ್ನೂ ಅದು ತಡೆಯಿತು. ಆದರೆ ಕೇಕಿನ ಸಿದ್ಧಹಿಟ್ಟು, ಬಿಸ್ಕತ್ತು, ಪಿಜ್ಜಾ, ಐಸ್‌ಕ್ರೀಮ್ ಮೊದಲಾದ ಬೆರಕೆ ತಿನಿಸುಗಳನ್ನು ಕಾನೂನಿನ ವ್ಯಾಖ್ಯೆಯಲ್ಲೇ ಹೊರಗಿಟ್ಟಿತು. ಅಲ್ಲಿ ಮನೆಯಲ್ಲಿ ಕೇಕು ಮಾಡುವವರಿಗೆ ಪಂಜರದ ಮೊಟ್ಟೆ ಸಿಗದು. ಅಂಗಡಿಯಿಂದ ಕೇಕು ತರುವವರಿಗೆ ಅದು ತಿಳಿಯದೆಯೇ ಬರಬಹುದು.

ಚಿಪ್ಪಿನ ಮೇಲಿನ ಗುರುತೂ ಕಾಲಕ್ಕೆ ತಕ್ಕಂತೆ ಅಲುಗಿದೆ. ಹಕ್ಕಿಜ್ವರದ ಕಾರಣ ಕೋಳಿಗಳನ್ನು 16 ವಾರ ಮೀರಿ ಒಳಗೆ ಕೂಡಿದ್ದರಿಂದ 2022ರ ಮಾರ್ಚ್ 21ರಿಂದ ಕೆಲಕಾಲ ಬ್ರಿಟನ್ನಿನ ಮೊಟ್ಟೆಗಳು ಫ್ರೀ ರೇಂಜ್ ಹೆಸರನ್ನು ಕಳೆದುಕೊಂಡವು. ಇಂಗ್ಲೆಂಡ್ 2025ರ ಜನವರಿಯಲ್ಲಿ ಆ 16 ವಾರಗಳ ಮಿತಿಯನ್ನು ತೆಗೆದುಹಾಕಿತು. ಸಾಕಣೆದಾರರ ನಷ್ಟ ತಪ್ಪಿಸಲು ಇದು ಬೇಕಿತ್ತು. ಆದರೂ ಹಕ್ಕಿ ಹೊರಗೆ ಹೋಗದ ದಿನಗಳಲ್ಲೂ ಹೆಸರು ಉಳಿಯುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸುವುದು ನ್ಯಾಯ.

ಭಾರತದಲ್ಲಿ ಪೊಟ್ಟಣದ ಪ್ರಶ್ನೆ ಮೊಟ್ಟೆ ಇದೆಯೇ ಇಲ್ಲವೇ ಎಂಬಲ್ಲಿಗೆ ಮುಗಿಯುತ್ತದೆ. ಮೊಟ್ಟೆ ಬೆರೆತ ತಿನಿಸಿಗೆ ಮಾಂಸಾಹಾರದ ಚಿಹ್ನೆ ಕಡ್ಡಾಯ; ಮೊಟ್ಟೆಯೊಂದೇ ಮಾಂಸಾಹಾರಿ ಪದಾರ್ಥವಾಗಿದ್ದರೆ ಹಾಗೆಂದು ಹೇಳಿಕೊಳ್ಳಲು ತಯಾರಕರಿಗೆ ಅವಕಾಶವಿದೆ. ಕರ್ನಾಟಕದ ಅಯ್ಯಂಗಾರ್ ಬೇಕರಿಗಳ ಮೊಟ್ಟೆಯಿಲ್ಲದ ಕೇಕಿನ ಜನಪ್ರಿಯತೆಯೂ ಇದೇ ಕಾಳಜಿಯಿಂದ ಬಂದದ್ದು. ನಾಟಿ ಮೊಟ್ಟೆ, ಫಾರಂ ಮೊಟ್ಟೆ ಎಂಬ ವ್ಯತ್ಯಾಸವನ್ನು ಕನ್ನಡಿಗರು ಸಂತೆಯಲ್ಲಿ ಚೆನ್ನಾಗಿ ಬಲ್ಲರು, ನಾಟಿಗೆ ಹೆಚ್ಚು ಬೆಲೆಯನ್ನೂ ಕೊಡುತ್ತಾರೆ. ಹಿತ್ತಲ ಸಾಕಣೆಗೆಂದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಗಿರಿರಾಜ, ಸ್ವರ್ಣಧಾರ ತಳಿಗಳನ್ನು ರೂಪಿಸಿತು. ಆದರೆ ಚಿಪ್ಪಿನ ಮೇಲೆ ಸಾಕಣೆಯ ಬಗೆ ತಿಳಿಸುವ ಕಡ್ಡಾಯ ಅಂಕಿ ಇಲ್ಲಿಲ್ಲ. ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಮೊಟ್ಟೆಕೋಳಿಗಳ ಬ್ಯಾಟರಿ ಪಂಜರಕ್ಕೆ ವಿರುದ್ಧವಾಗಿ ಶಿಫಾರಸು ಮಾಡಿತ್ತು. 2023ರಲ್ಲಿ ಬಂದ ಕೇಂದ್ರದ ನಿಯಮ ಪಂಜರವನ್ನು ಉಳಿಸಿ, ಕೋಳಿಯೊಂದಕ್ಕೆ 550 ಚದರ ಸೆಂಟಿಮೀಟರ್ ಜಾಗ ವಿಧಿಸಿತು. ಈಗಿರುವ ಫಾರಂಗಳಿಗೆ 2030ರ ಜನವರಿ 1ರವರೆಗೆ ಕಾಲಾವಕಾಶವಿದೆ. ಯುರೋಪು 2012ರಲ್ಲಿ ಕೈಬಿಟ್ಟ ಅಳತೆಯೂ ಅದೇ.

ಬ್ರಿಟನ್ನಿಗೆ ಬೇಕಾದ ತಿದ್ದುಪಡಿ ಚಿಕ್ಕದು: ಪದಾರ್ಥ ಪಟ್ಟಿಯಲ್ಲಿ ಈಗಾಗಲೇ ದಪ್ಪಕ್ಷರದಲ್ಲಿರುವ 'ಮೊಟ್ಟೆ' ಎಂಬ ಪದದ ಪಕ್ಕದಲ್ಲಿ 0ರಿಂದ 3ರವರೆಗಿನ ಅದೇ ಅಂಕಿಯನ್ನು ಮುದ್ರಿಸುವುದು ಕಡ್ಡಾಯವಾಗಬೇಕು. ಭಾರತ ಮೊದಲಿನಿಂದ ನಿಯಮ ಬರೆಯಬೇಕಾಗಿರುವುದರಿಂದ ಚಿಪ್ಪಿನ ಮೊಟ್ಟೆಗೂ ಸಿದ್ಧ ತಿನಿಸಿಗೂ ಒಟ್ಟಿಗೇ ಬರೆಯಬಹುದು, ಬರೆಯಬೇಕು. ಮೊದಲನೆಯದನ್ನು ಮಾತ್ರ ಬರೆದು ಬ್ರಿಟನ್ ಎರಡು ದಶಕ ಕಳೆದಿದೆ.