ಕೈಪಿಡಿಯಲ್ಲಿಲ್ಲದ ಹಾವು

ಕಳೆದ ಜನವರಿಯ ಒಂದು ರಾತ್ರಿ ಬೆಹಾಲಾದ ನಮ್ಮ ಮನೆಯ ಬಾಗಿಲು ಬಡಿದವನು ಮೇಲಿನ ಮಹಡಿಯ ಕಾಲೇಜು ಹುಡುಗ. ‘ಕಾಕು, ಹಾವಿನ ಕಣ್ಣು ಬೆಳ್ಳಗಾಗಿದೆ, ಕುರುಡಾಯಿತೇನೋ’ ಎಂದ. ಅವನು ಸಾಕಿರುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್. ನಾಗರ ಪೂಜೆ ಮಾಡುವ ನಾಡಿನವನಿಗೆ ಹಾವಿನ ಶುಶ್ರೂಷೆಯೂ ಗೊತ್ತಿರುತ್ತದೆ ಎಂದು ಅವನು ನಂಬಿದ್ದ. ನನಗೆ ಗೊತ್ತಿದ್ದದ್ದು ಊರಿನ ಕಲ್ಲುಕಟ್ಟೆಯ ಸಂದಿಯಲ್ಲಿ ಸಿಗುತ್ತಿದ್ದ ಪೊರೆ, ಅಷ್ಟೆ.

ಆದರೆ ಆ ಪದವೇ ಅರ್ಧ ಉತ್ತರ ಕೊಟ್ಟಿತು. ಹಾವಿನ ಪೊರೆ, ಕಣ್ಣಿನ ಪೊರೆ ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಹಾವಿನ ಮಟ್ಟಿಗೆ ಅವು ನಿಜವಾಗಿಯೂ ಒಂದೇ. ಅದಕ್ಕೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆಯಿದೆ. ಮೈಚರ್ಮದ ಜೊತೆ ಅದೂ ಕಳಚಬೇಕು. ಹಳೆಯ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ಸೇರಿದಾಗ ಕಣ್ಣು ಹಾಲುನೀಲಿಯಾಗುತ್ತದೆ. ಕೆಲವು ದಿನಗಳಲ್ಲಿ ಮತ್ತೆ ತಿಳಿಯಾಗುತ್ತದೆ. ಅದಾದ ಮೇಲೆ ಹಾವು ಮೂತಿಯನ್ನು ಒರಟಾದ ಯಾವುದಕ್ಕಾದರೂ ಉಜ್ಜಿ, ಕಾಲುಚೀಲ ತಿರುವಿ ತೆಗೆದಂತೆ ಹೊರಬರುತ್ತದೆ. ಗಾಳಿ ಒಣಗಿದ್ದರೆ ಮಾತ್ರ ಪೊರೆ ಚೂರುಚೂರಾಗಿ ಹರಿಯುತ್ತದೆ. ಕಣ್ಣಿನ ಮೇಲೆ ಪದರ ಉಳಿದುಬಿಡುತ್ತದೆ. ಬಾಲದ ತುದಿಯಲ್ಲಿ ಉಳಿದದ್ದು ಉಂಗುರದಂತೆ ಬಿಗಿದು ರಕ್ತ ಓಡದಂತೆ ಮಾಡುತ್ತದೆ. ಈ ಹಾವಿನ ಬಾಲದಲ್ಲಿ ಹಿಂದಿನ ಸಲದ ಚೂರು ಇನ್ನೂ ಅಂಟಿಕೊಂಡಿತ್ತು. ಮಳೆಗಾಲದಲ್ಲಿ ಗೋಡೆಯೂ ಬೆವರುವ ಊರಿದು. ಆದರೆ ಹುಡುಗ ಚಳಿಗೆಂದು ಗಾಜಿನ ಪೆಟ್ಟಿಗೆಯ ಪಕ್ಕದಲ್ಲೇ ರೂಮ್ ಹೀಟರ್ ಇಟ್ಟಿದ್ದ.

ಈ ಶುಶ್ರೂಷೆಯನ್ನು ಇದೇ ಊರಿನಲ್ಲಿ ಮೊದಲು ಬರೆದಿಟ್ಟವರು ಯಾರು ಎಂದು ಆಮೇಲೆ ಹುಡುಕಿದೆ. ಕಲ್ಕತ್ತಾದಲ್ಲಿ ಹಾವಿನ ಬಗ್ಗೆ ಬರೆದದ್ದಕ್ಕೇನೂ ಕೊರತೆಯಿಲ್ಲ. ಮೆಡಿಕಲ್ ಕಾಲೇಜಿನ ಸರ್ಜನ್ ಜೋಸೆಫ್ ಫೇರರ್ ಹಾವಾಡಿಗರ ನೆರವಿನಿಂದ ಹಾವು ಇಟ್ಟುಕೊಂಡು, ನಾಯಿ ಕೋಳಿಗಳಿಗೆ ಕಚ್ಚಿಸಿ ವಿಷದ ಪರೀಕ್ಷೆ ನಡೆಸಿದ. 1872ರಲ್ಲಿ ಅವನ ‘ಥನಟೊಫಿಡಿಯಾ ಆಫ್ ಇಂಡಿಯಾ’ ಅಚ್ಚಾಯಿತು. ಅದರ ಬಣ್ಣದ ಚಿತ್ರಗಳನ್ನು ಬರೆದವರು ಕಲ್ಕತ್ತಾ ಆರ್ಟ್ ಸ್ಕೂಲಿನ ಅನ್ನದಾ ಪ್ರಸಾದ್ ಬಾಗ್ಚಿ ಮತ್ತು ಅವರ ಜೊತೆಯವರು. ಹುರುಪೆ ಹುರುಪೆಯೂ ಹೊಳೆಯುತ್ತದೆ. ಪೊರೆಗೆ ಬಂದ ಮಂಕು ಹಾವನ್ನು ಅವರು ಮಾದರಿಗೆ ಆರಿಸಿರಲಿಕ್ಕಿಲ್ಲ ಅನ್ನಿಸುತ್ತದೆ. ಹೆಸರೇ ಹೇಳುವಂತೆ ಅದು ಕೊಲ್ಲುವ ಹಾವುಗಳ ಪುಸ್ತಕ, ಸಾಕುವ ಪುಸ್ತಕವಲ್ಲ.

ಸಾಕುವ ಪುಸ್ತಕ ಬಂದದ್ದು ಬೆಹಾಲಾದ ಪಕ್ಕದ ಅಲಿಪುರದಿಂದ. ಅಲ್ಲಿನ ಮೃಗಾಲಯ 1876ರಲ್ಲಿ ಆರಂಭವಾಯಿತು. ಅದರ ಮೊದಲ ಭಾರತೀಯ ಸೂಪರಿಂಟೆಂಡೆಂಟ್ ರಾಮಬ್ರಹ್ಮ ಸನ್ಯಾಲ್. ದೃಷ್ಟಿ ಕುಂದಿದ್ದರಿಂದ ವೈದ್ಯಕೀಯ ಓದನ್ನು ಅರ್ಧಕ್ಕೇ ಬಿಟ್ಟವರು. ಯಾವ ಪ್ರಾಣಿ ಏನು ತಿಂದಿತು, ಯಾವಾಗ ಕಾಯಿಲೆ ಬಿತ್ತು, ಯಾವ ಋತುವಿನಲ್ಲಿ ಮರಿ ಹಾಕಿತು ಎಂದು ಗಮನಿಸಿ ಬರೆದಿಟ್ಟು, 1892ರಲ್ಲಿ ಕೆಳ ಬಂಗಾಳದಲ್ಲಿ ಬಂಧನದಲ್ಲಿರುವ ಪ್ರಾಣಿಗಳ ನಿರ್ವಹಣೆಯ ಕೈಪಿಡಿ ಹೊರತಂದರು. ಮೃಗಾಲಯದವರು ದಶಕಗಳ ಕಾಲ ನೆಚ್ಚಿಕೊಂಡ ಪುಸ್ತಕ. ನನ್ನಂಥ ಪ್ರಾಜೆಕ್ಟ್ ಮ್ಯಾನೇಜರಿಗೆ ಹೊಟ್ಟೆಕಿಚ್ಚು ತರಿಸುವಷ್ಟು ಶಿಸ್ತಿನ ದಾಖಲೆ. ಸ್ತನಿಗಳಿವೆ, ಹಕ್ಕಿಗಳಿವೆ. ಹಾವಿಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ಹಾವಿನ ಬಗ್ಗೆ ಯೋಚಿಸದ ನಾಡೇನಲ್ಲ ಇದು. ಸರ್ಪಸತ್ರ ಮಾಡಿ ಸಾವನ್ನು ಗೆದ್ದದ್ದರಿಂದಲೇ ಹಾವುಗಳು ಹಳೆ ಚರ್ಮ ಬಿಟ್ಟು ಮುಂದೆ ಹರಿಯುತ್ತವೆ ಎನ್ನುತ್ತದೆ ಪಂಚವಿಂಶ ಬ್ರಾಹ್ಮಣ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜ್ಞಾನಿ ತೊರೆದ ದೇಹಕ್ಕೆ ಹುತ್ತದ ಮೇಲೆ ಬಿದ್ದ ಪೊರೆಯೇ ಹೋಲಿಕೆ. ಬಂಗಾಳದಲ್ಲಿ ಭಾದ್ರ ಸಂಕ್ರಾಂತಿಗೆ ಮನಸಾದೇವಿಗಾಗಿ ಒಲೆ ಹಚ್ಚದೆ ಹಿಂದಿನ ದಿನದ ಅಡುಗೆ ಉಣ್ಣುತ್ತಾರೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ನಾಗರಪಂಚಮಿಯಂದು ಒಲೆಗೆ ಹೆಂಚಿಡುವುದಿಲ್ಲ. ಹಾವಿಗೆ ಬಿಸಿ ತಾಗಬಾರದೆಂಬ ಈ ಎಚ್ಚರ ಹೀಟರ್ ಹಚ್ಚುವಾಗ ಹುಡುಗನಿಗೂ ನೆನಪಾಗಲಿಲ್ಲ, ಅವನ ಅಮ್ಮನಿಗೂ ನೆನಪಾಗಲಿಲ್ಲ.

ದಿನಾ ಹಾವಿನ ಜೊತೆ ಇದ್ದವರು ಇಲ್ಲಿ ‘ಬೇದೆ’ ಎಂದು ಕರೆಸಿಕೊಳ್ಳುವ ಹಾವಾಡಿಗರು. ಫೇರರ್ ಕೂಡ ನೆಚ್ಚಿಕೊಂಡದ್ದು ಅಂಥವರನ್ನೇ. ಯಾವ ಹಾವು ಪೊರೆಗೆ ಬಂದಿದೆ, ಯಾವುದನ್ನು ಇಂದು ಬುಟ್ಟಿಯಿಂದ ತೆಗೆಯಬಾರದು ಎಂಬುದು ಅವರಿಗೆ ಹೊಟ್ಟೆಪಾಡಿನ ವಿಷಯ. ಹಾಗೆಂದು ಅವರನ್ನು ಹೊಗಳಿ ಮುಗಿಸುವಂತಿಲ್ಲ. ಹಲ್ಲು ಕೀಳುವುದು, ಬಾಯಿ ಹೊಲಿಯುವುದು ಕೂಡ ಆ ಕಸುಬಿನಲ್ಲಿತ್ತು. 1972ರ ವನ್ಯಜೀವಿ ಕಾಯ್ದೆ, ಆಮೇಲಿನ ತಿದ್ದುಪಡಿಗಳು ಅದನ್ನು ನಿಲ್ಲಿಸಹೊರಟದ್ದು ಸರಿಯೇ. 2009ರಲ್ಲಿ ಹಾವಾಡಿಗರು ಇದೇ ಕೋಲ್ಕತ್ತಾದಲ್ಲಿ ಮೆರವಣಿಗೆ ತೆಗೆದು ಬದುಕಿನ ದಾರಿ ಕೇಳಿದರು. ತಮಿಳುನಾಡಿನಲ್ಲಿ ಇರುಳರ ಹಾವು ಹಿಡಿಯುವ ವಿದ್ಯೆಗೆ 1978ರಲ್ಲೇ ಒಂದು ಸಹಕಾರ ಸಂಘವಾಯಿತು. ವಿಷ ತೆಗೆದು ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಬೇದೆಗಳಿಗೆ ಅಂಥದ್ದು ಆಗಬೇಕಿತ್ತು. ಆಗಿದ್ದರೆ ಹುಡುಗ ನನ್ನ ಬಾಗಿಲು ಬಡಿಯಬೇಕಾಗಿರಲಿಲ್ಲ.

ಈಗ ದೇಶದ ಹಾವನ್ನು ಯಾರೂ ಮನೆಯಲ್ಲಿ ಸಾಕುವಂತಿಲ್ಲ. ಹೊರದೇಶದ ಹೆಬ್ಬಾವನ್ನು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಡುಗನ ಬಳಿ ಆ ಕಾಗದಗಳೆಲ್ಲ ಇದ್ದವು. ಪೊರೆಯ ಬಗ್ಗೆ ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಫೋನಿನಲ್ಲಿ ಸಿಕ್ಕ ಪಶುವೈದ್ಯರು ಮೊದಲು ಹೇಳಿದ್ದು, ‘ಏನನ್ನೂ ಎಳೆಯಬೇಡಿ.’ ಕಣ್ಣಿನ ಪದರವನ್ನು ಉಗುರಿನಿಂದ ಕಿತ್ತರೆ ಕಣ್ಣೇ ಹೋಗಬಹುದು. ಹೀಟರನ್ನು ಕೋಣೆಯ ಆಚೆ ಮೂಲೆಗೆ ಸರಿಸಿದೆವು. ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಹಾವು ನುಸುಳುವಷ್ಟು ತೂತು ಕೊರೆದು, ಒದ್ದೆ ಪಾಚಿ ತುಂಬಿ ಒಳಗಿಟ್ಟೆವು. ನೀರಿನ ಬೋಗುಣಿ ದೊಡ್ಡದಾಯಿತು. ಇಲಿ ಕೊಡುವುದು, ಎತ್ತಿಕೊಳ್ಳುವುದು ಬಂದ್. ಹುಡುಗನಿಗೆ ಕಷ್ಟವಾದದ್ದು ಕೊನೆಯದೇ. ದಿನಕ್ಕೆ ನಾಲ್ಕು ಸಲ ಮುಚ್ಚಳ ಎತ್ತಿ ನೋಡುತ್ತಿದ್ದ, ಬೈದ ಮೇಲೆ ಎರಡು ಸಲ.

ಒಂಬತ್ತನೆಯ ದಿನ ಬೆಳಿಗ್ಗೆ ಪೊರೆಯನ್ನು ಹಳೆಯ ಆನಂದಬಜಾರ್ ಪತ್ರಿಕೆಯ ಮೇಲೆ ಹರಡಿ ತಂದ. ಬಾಲದ ತುದಿಯವರೆಗೂ ಒಂದೇ ತುಂಡು, ಹಿಂದಿನ ಚೂರೂ ಅದರ ಜೊತೆಗೇ ಬಂದಿತ್ತು. ತಲೆಯ ಭಾಗವನ್ನು ಫೋನಿನ ಟಾರ್ಚಿಗೆ ಹಿಡಿದು ನೋಡಿದೆವು. ಕನ್ನಡಕದ ಗಾಜಿನಂತೆ ಎರಡು ಗುಂಡನೆಯ ಪದರಗಳು, ಎರಡೂ ಇದ್ದವು.